ಬಾಯಲ್ಲಿ ಬರಬಾರದ ಮಾತು

ಸೂಜಿ ಕುತ್ತಿಗೆಗೆ ಇಳಿದಾಗ ಕುರಿ ಸುಮ್ಮನಿತ್ತು. ನೊರ್ಜ್ಮಾ ಅದನ್ನು ಮಂಡಿಗಳ ನಡುವೆ ಒತ್ತಿ ಹಿಡಿದಿದ್ದಳು. ಗೋಬಿ ಮರುಭೂಮಿಯ ಆ ಬಯಲಿನಲ್ಲಿ ಅವಳಿಗೆ ಬದುಕು ಅಂತ ಇದ್ದದ್ದೇ ಮುನ್ನೂರು ಕುರಿ. ಅವುಗಳಲ್ಲಿ ಒಂದರ ಬಾಲದಡಿ ನಾಲ್ಕು ಗಂಟು ಎದ್ದಿದ್ದವು.

"ಕುರಿ ಸಿಡುಬೇನಪ್ಪಾ ಇದು?"

"ನೋಡಿದ್ರೆ ಹಾಗೇ ಕಾಣುತ್ತೆ ಅಕ್ಕಾ. ಆದ್ರೆ ನನ್ನ ಕಣ್ಣನ್ನ ನಂಬಬೇಡಿ, ರಕ್ತ ಹೇಳಲಿ." ದನದ ಡಾಕ್ಟರ್ ತುಮೆನ್ ರಕ್ತದ ಕೊಳವೆಗೆ ಮುಚ್ಚಳ ಹಾಕಿ ಚೀಟಿ ಅಂಟಿಸಿದ. "ಫಲಿತಾಂಶಕ್ಕೆ ನಾಲ್ಕು ದಿನ ಬೇಕು. ಅಲ್ಲೀವರೆಗೆ ಬೇರೆಯವರ ಕುರಿ ಹತ್ತಿರ ಸುಳಿಯಬಾರದು."

"ಸಿಡುಬೇ ಅಂತ ಬಂದ್ರೆ?"

ಅವನು ಕುಡಿಯುತ್ತಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟ. "ಮಂದೆ ಉಳಿಯಲ್ಲ ಅಕ್ಕಾ," ಎಂದ.

ಎರಡನೆಯ ದಿನ ಮಧ್ಯಾಹ್ನ ದಿಬ್ಬದ ಮೇಲೆ ಧೂಳೆದ್ದಿತು. ನೆರೆಯ ಲುವ್ಸಾನ್ ತನ್ನ ಎಂಟುನೂರು ಕುರಿಗಳನ್ನು ಹೊಡೆದುಕೊಂಡು ಅವಳ ಗುಡಾರದ ಪಕ್ಕದ ಬಾವಿಗೆ ಬರುತ್ತಿದ್ದ. ಇನ್ನೊಂದು ಬಾವಿಗೆ ಅರ್ಧ ದಿನದ ದಾರಿ. ನೀರಿನ ವಾಸನೆ ಹಿಡಿದ ಕುರಿಗಳು ಆಗಲೇ ಓಡತೊಡಗಿದ್ದವು. ನೊರ್ಜ್ಮಾ ಎದ್ದೆನೋ ಬಿದ್ದೆನೋ ಎಂದು ಓಡಿ ಹೋಗಿ ಅಡ್ಡ ನಿಂತಳು.

"ಅಣ್ಣಾ, ಬಾವಿ ಕೆಟ್ಟಿದೆ!"

"ಕೆಟ್ಟ ನೀರನ್ನ ನಿನ್ನ ಕುರಿ ಚಪ್ಪರಿಸ್ಕೊಂಡು ಕುಡೀತಾ ಇವೆಯಲ್ಲೇ!" ಲುವ್ಸಾನ್ ಕುದುರೆ ಮೇಲಿಂದಲೇ ನಕ್ಕ. "ಬಾವಿ ಏನು ನಿಮ್ಮಪ್ಪ ತೋಡಿಸಿದ್ದಾ? ಚಹಾ ಕೊಡೋಕೆ ಬೇಜಾರಾದ್ರೆ ಹಾಗಂತ ಹೇಳು." ಹಾಳು ನಾಲಿಗೆ, ಒಂದು ಸುಳ್ಳಾದರೂ ಸರಿಯಾಗಿ ಬರಬೇಡವೇ ಎಂದು ನೊರ್ಜ್ಮಾ ತನ್ನನ್ನೇ ಶಪಿಸಿಕೊಂಡಳು. ಅವನು ಟೋಪಿ ಸರಿಮಾಡಿಕೊಂಡು ಪದ್ಧತಿಯಂತೆ ಕೇಳಿದ: "ಕುರಿ ಎಲ್ಲ ಮೈತುಂಬ್ಕೊಂಡು ಚೆನ್ನಾಗಿವೆಯಾ?"

ಆ ಸೀಮೆಯಲ್ಲಿ ಯಾರೇ ಎದುರಾದರೂ ಮೊದಲ ಮಾತು ಅದೇ. ಉತ್ತರವೂ ಒಂದೇ: ಚೆನ್ನಾಗಿವೆ. ತೋಳ ನುಗ್ಗಿ ಅರ್ಧ ಮಂದೆ ಸತ್ತ ಬೆಳಿಗ್ಗೆಯೂ ಅವಳ ಅಪ್ಪ ಹಾಗೇ ಹೇಳಿ, ಆಮೇಲೆ ಗುಡಾರದೊಳಗೆ ಕೂತು ಅತ್ತಿದ್ದ. ಬಾಯಿಬಿಟ್ಟು ಕೆಟ್ಟದ್ದಾಡಿದರೆ ಆಡಿದ್ದೇ ಆಗುತ್ತದೆ ಎಂದು ಎಲ್ಲರೂ ನಂಬಿದ್ದರು, ನೊರ್ಜ್ಮಾ ಎಲ್ಲರಿಗಿಂತ ಒಂದು ಕೈ ಹೆಚ್ಚು. ಕೊಳವೆಯ ರಕ್ತ ಇನ್ನೂ ಏನೂ ಹೇಳಿರಲಿಲ್ಲ. ಅದಕ್ಕೂ ಮೊದಲು ತಾನೇ ಹೇಳಿಬಿಟ್ಟರೆ? ಅವಳಿಗೆ ಭಯವಾಯಿತು.

ಲುವ್ಸಾನನ ಮಂದೆಯಲ್ಲಿ ಎಲ್ಲಕ್ಕಿಂತ ಮುಂದಿದ್ದ ಕುರಿ ಬಾವಿಗೆ ಮೂವತ್ತು ಹೆಜ್ಜೆ ದೂರದಲ್ಲಿತ್ತು.

"ಚೆನ್ನಾಗಿಲ್ಲ ಅಣ್ಣಾ," ಎಂದಳು. "ನನ್ನ ಕುರಿ ಚೆನ್ನಾಗಿಲ್ಲ. ಸಿಡುಬು."

ಅವನ ನಗು ನಿಂತಿತು. ಅವಳ ಮುಖ ನೋಡಿದ. ಹೋ ಹೋ ಎಂದು ಕೂಗುತ್ತ ಕುದುರೆಯನ್ನು ಅಡ್ಡ ಹಾಯಿಸಿ, ಬಾಯಾರಿದ ಎಂಟುನೂರು ಕುರಿಗಳನ್ನೂ ತಿರುಗಿಸಿಕೊಂಡು ಹೋದ.

ಧೂಳು ಅಡಗುವವರೆಗೂ ನೊರ್ಜ್ಮಾ ಅಲ್ಲೇ ನಿಂತಿದ್ದಳು. ರಕ್ತದ ಫಲಿತಾಂಶ ಬರಲು ಇನ್ನೂ ಎರಡು ದಿನವಿತ್ತು.