ಖಾಲಿ ಗ್ಯಾಲರಿಯಲ್ಲಿ ಒಬ್ಬರು

ಕಾಲಿಗೆ ಚಕ್ರದ ಸ್ಕೇಟ್ ಕಟ್ಟಿ ಆಡುವ ರೋಲರ್ ಹಾಕಿಯ ಲೀಗಿನಲ್ಲಿ ತನಗೆ ಸರಿಸಾಟಿ ಯಾರೂ ಇಲ್ಲವೆಂದೇ ಬೋಪಯ್ಯ ನಂಬಿದ್ದ. ತಂಡದವರು ಅವನ ಕಣ್ಣಿಗೆ ಚಕ್ರ ಕಟ್ಟಿಕೊಂಡ ಕೋಣಗಳು. ಪಂದ್ಯ ನೋಡಲು ಬರದ ಊರಿನವರಿಗಂತೂ ಆಟದ ಗಂಧಗಾಳಿಯಿಲ್ಲ. ಖಾಲಿ ಗ್ಯಾಲರಿಯಲ್ಲಿ ಪ್ರತಿ ಪಂದ್ಯಕ್ಕೂ ತಪ್ಪದೆ ಬಂದು ಕೂರುತ್ತಿದ್ದ ಹಿರಿಯರೊಬ್ಬರು ಮಾತ್ರ ಬಲ್ಲವರು. ಇಡೀ ಸೀಸನ್ ಅವನು ಆಡಿದ್ದು ಅವರಿಗಾಗಿಯೇ.

ಕೊನೆಯ ಪಂದ್ಯದಲ್ಲಿ ನಾಯಕ, "ಪಾಸ್ ಕೊಡೋ!" ಎಂದು ಗಂಟಲು ಹರಿಯುವಂತೆ ಕೂಗಿದ.

"ನಿಂಗಾ? ಹೋಗೋ!" ಎಂದು ಬೋಪಯ್ಯ ಒಬ್ಬನೇ ನುಗ್ಗಿದ. ಗೋಲು ತಪ್ಪಿತು, ತಂಡ ಸೋತಿತು.

ಅವನು ಯಾರತ್ತಲೂ ತಿರುಗದೆ ಸೀದಾ ಹಿರಿಯರ ಬಳಿಗೆ ಹೋದ. "ಒಂದು ಮ್ಯಾಚೂ ಬಿಟ್ಟಿಲ್ಲ ನೀವು. ನನ್ನ ಆಟ ಅಷ್ಟು ಹಿಡಿಸ್ತಾ, ಸರ್?"

"ಆಟ ನಂಗೇನು ಗೊತ್ತಪ್ಪಾ? ಮದುವೆ ಛತ್ರ ಕಟ್ಟೋಕೆ ಈ ಜಾಗ ತಗೊಂಡಿದೀನಿ. ನೀವೆಲ್ಲ ಯಾವಾಗ ತೊಲಗ್ತೀರೋ ಅಂತ ಬಂದು ಬಂದು ನೋಡ್ತಿದ್ದೆ."