ಹನ್ನೆರಡು ಪದಗಳು

೨೦೨೪ರ ಮಾರ್ಚ್ ೧೭, ಭಾನುವಾರ ಬೆಳಿಗ್ಗೆ ೧೦.೪೦. ಅವನ ಫೋನಿನಲ್ಲಿ, ಡಿಜಿಟಲ್ ಹಣ ಇಡುವ ಕ್ರಿಪ್ಟೊ ವ್ಯಾಲೆಟ್ ಆ್ಯಪ್‌ನಲ್ಲಿ ಸಂದೇಶವೊಂದು ಮೂಡಿತು: "ಅಪ್‌ಡೇಟ್‌ಗಾಗಿ ನಿಮ್ಮ ಹನ್ನೆರಡು ರಹಸ್ಯ ಪದಗಳನ್ನು ನಮೂದಿಸಿ."

"ಕಳ್ಳ ನನ್ಮಕ್ಳು, ಯಾರ ಹತ್ರ ಆಟ!" ಎಂದು ನಕ್ಕು, ಅವನು ಆ್ಯಪನ್ನೇ ಅಳಿಸಿಹಾಕಿದ.

ಹೆಂಡತಿ ಗಾಬರಿಯಾದಳು. "ಅಯ್ಯೋ ರೀ, ಸೈಟಿಗೆ ಅಂತ ಕೂಡಿಟ್ಟ ದುಡ್ಡೆಲ್ಲ ಅದರಲ್ಲೇ ಇತ್ತಲ್ವಾ?"

"ಆ ಪದಗಳಿದ್ರೆ ಎಲ್ಲ ವಾಪಸ್ ಬರುತ್ತೆ ಕಣೇ. ಇಲ್ದಿದ್ರೆ ದೇವರೇ ಬಂದ್ರೂ ತೆಗೆಯೋಕಾಗಲ್ಲ. ಕಾಗದ ಹರಿಯುತ್ತೆ, ಫೋನ್ ಕೆಡುತ್ತೆ. ಅದಕ್ಕೇ ಪಾತ್ರೆಗೆ ಹೆಸರು ಹಾಕಿಸೋ ಹಾಗೆ ಸ್ಟೀಲ್ ಡಬ್ಬಿ ತಳದಲ್ಲಿ ಕೆತ್ತಿಸಿಟ್ಟಿದ್ದೀನಿ. ಆ ಹಳೇ ಮೆಂತ್ಯದ ಡಬ್ಬಿ ಕೊಡು."

ಅವಳು ಕೈಯಲ್ಲಿದ್ದ ಹೊಸ ಟೀ ಸೋಸುವ ಜಾಲರಿಯನ್ನು ಕೆಳಗಿಟ್ಟಳು.

"ನಮ್ಮ ಹೆಸರಿಲ್ಲ, ಇಂಗ್ಲಿಷಲ್ಲಿ ಏನೇನೋ ಗೀಚಿದೆ ಅಂತ ಮೊನ್ನೆ ಆ ಡಬ್ಬಿನ ಹಳೇ ಪಾತ್ರೆಯವನಿಗೆ ಹಾಕಿ ಈ ಜಾಲರಿ ತಗೊಂಡೆ. ಮುನ್ನೂರ ಎಂಬತ್ತು ಗ್ರಾಂ ತೂಗಿತು."