ಹುಳಿಗೆ ಕರಗಿದ ಎಲುಬು

"ನಂದೇ ತಪ್ಪರಿ ಮೇಡಂ, ನಾನೇ ಪುಂಡಿ ಪಲ್ಯ ಮಾಡಿ ಹಾಕೀನಿ," ಎನ್ನುತ್ತ ಮಾನಮ್ಮ ಡಾಕ್ಟರ ಮುಂದೆ ಅಳತೊಡಗಿದಳು. ಮುಂಬೈ ಹತ್ತಿರದ ಕಲ್ಯಾಣದ ಆಸ್ಪತ್ರೆಯೊಂದರ ಬೆಳಕಿನ ಪೆಟ್ಟಿಗೆಯ ಮೇಲೆ ಅವಳ ಗಂಡ ಬಾಲಪ್ಪನ ಕಾಲಿನ ಎರಡು ಎಕ್ಸ್‌ರೇ ಅಕ್ಕಪಕ್ಕ ತೂಗುತ್ತಿದ್ದವು.

ಪಕ್ಕದ ಶಹಾಡಿನ ಗೋದಾಮಿನಲ್ಲಿ ಚೀಲದ ಅಟ್ಟಿ ಉರುಳಿ ಬಾಲಪ್ಪನ ಮೊಣಕಾಲ ಕೆಳಗಿನ ಎಲುಬು ಪುಡಿಯಾಗಿತ್ತು. ಆಪರೇಷನ್ ಮಾಡಿದವರು ಖಾಲಿ ಬಿದ್ದ ಜಾಗಕ್ಕೆ ಕೃತಕ ಎಲುಬಿನ ಕಾಳು ತುಂಬಿದ್ದರು. ಹಳೆಯ ಎಕ್ಸ್‌ರೇಯಲ್ಲಿ ಆ ಕಾಳುಗಳು ಒಡೆದ ಕಲ್ಲುಸಕ್ಕರೆಯಂತೆ ಬೆಳ್ಳಗೆ ಎದ್ದು ಕಾಣುತ್ತಿದ್ದವು. ಇವತ್ತಿನದರಲ್ಲಿ ಬರೀ ಮಸುಕು. ಚೀಲ ಹೊರುವವನ ಕಾಲೇ ಹೋದರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ? ಗಾಯವಾದವರಿಗೆ ಹುಳಿ ಕೊಡಬಾರದೆಂದು ಅವರ ಊರು ಕಲಬುರಗಿ ಕಡೆ ಕೂಸಿಗೂ ಗೊತ್ತು. ಗೊತ್ತಿದ್ದೂ ಮಾನಮ್ಮ ಆ ಹುಳಿ ಸೊಪ್ಪು ಬೇಯಿಸಿ, ರೊಟ್ಟಿಯ ಜೊತೆ ಬಡಿಸಿದ್ದಳು. ಗಂಡ ಅಷ್ಟು ಗೋಗರೆದರೆ ಯಾವ ಪಥ್ಯ ತಾನೇ ನಿಂತೀತು!

ಡಾಕ್ಟರ್ ದಿಶಾ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ. ಮನೆಯಲ್ಲಿ ಕಲಿತ ಕನ್ನಡವನ್ನು ತಡಕಾಡಿ ತಡಕಾಡಿ ಹೊರತೆಗೆದಳು.

"ಅಳ್ಬೇಡಿ ಅಮ್ಮ. ಹುಳಿಯಿಂದ ಎಂತದೂ ಆಗ್ಲಿಲ್ಲ. ಆ ಕಾಳು ಕರಗ್ಲಿಕ್ಕೇ ಹಾಕಿದ್ದು."

"ಕರಗ್ಲಕ್ಕ ಹಾಕೀರೇನ್ರಿ?" ಮಾನಮ್ಮನ ಅಳು ಅರ್ಧಕ್ಕೇ ನಿಂತಿತು. "ಹಂಗಾದ್ರ ಹಾಕೋದ್ಯಾಕ್ರಿ?"

"ಅದು ಸ್ವಲ್ಪ ಸ್ವಲ್ಪ ಕರಗ್ತಾ ಹೋಗ್ತದೆ. ಆ ಜಾಗದಲ್ಲಿ ಇವರದ್ದೇ ಎಲುಬು ಬೆಳೀತದೆ. ಬಢಿಯಾ ಬೆಳೆದಿದೆ, ನೋಡಿ ಇಲ್ಲಿ."

ಮಾನಮ್ಮ ನೋಡಿದಳು. ಅದೇ ಮಸುಕು. ಡಾಕ್ಟರಿಗೆ ಎಲುಬು ಕಾಣುವ ಕಡೆ ಇವಳಿಗೆ ಮೋಡವಷ್ಟೇ ಕಾಣುತ್ತಿತ್ತು. ಹಾಕಿದ್ದು ಹೋಯಿತೆಂದು ಅಳಬೇಕೋ, ಹೋದದ್ದೇ ಒಳ್ಳೆಯದೆಂದು ನಗಬೇಕೋ ತಿಳಿಯದೆ, ಕಣ್ಣೊರೆಸಿಕೊಂಡು ಅರ್ಧ ನಕ್ಕಳು. ಪೂರ್ತಿ ನಗಲು ಭಯವಾಯಿತು.

"ಇವತ್ತಿಂದ ಸ್ವಲ್ಪ ಭಾರ ಹಾಕ್ಬಹುದು," ಎಂದು ದಿಶಾ ಬಾಲಪ್ಪನ ಕಡೆ ತಿರುಗಿದಳು. "ಅಣ್ಣ, ನಿಂತ್ಕೊಳ್ಳಿ ನೋಡುವ."

ಮಂಚದ ಮೇಲೆ ಕೂತಿದ್ದ ಬಾಲಪ್ಪ ಅಂಚು ಹಿಡಿದು ಇಳಿದ. ಕಾದ ಹಂಚು ತುಳಿಯುವವನ ಹಾಗೆ ಮೆಲ್ಲಗೆ ಕಾಲೂರಿದ. ನೋವಾಯಿತು, ಆದರೆ ಕಾಲು ಕುಸಿಯಲಿಲ್ಲ. ಹಣೆಯ ತುಂಬ ಬೆವರು. ಸಂತೋಷಪಡುವುದು ಬಿಟ್ಟು ತನ್ನ ಕಾಲನ್ನೇ ಅನುಮಾನದಿಂದ ನೋಡುತ್ತ ನಿಂತ.

"ಮೇಡಂ, ನೀವು ಹಾಕಿದ್ದು ಹೊಂಟದ ಅಂತೀರಿ. ನಂದು ಇನ್ನಾ ಬರ್ಲತ್ತದ ಅಂತೀರಿ. ಹಂಗಾದ್ರ ಈಗ ನಾ ನಿಂತಿದ್ದು ಯಾವುದರ ಮ್ಯಾಲರಿ?"

ದಿಶಾ ಎಕ್ಸ್‌ರೇ ನೋಡಿದಳು, ಅವನ ಕಾಲು ನೋಡಿದಳು. ಹಿಂದಿಯಲ್ಲಿ ಏನೋ ವಿವರಿಸತೊಡಗಿದಳು.

ಮಾನಮ್ಮ ಗಂಡನ ಕೈಯನ್ನೆಳೆದು ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ಸದ್ಯಕ್ಕ ನನ್ನ ಮ್ಯಾಲ. ನಡೀರಿ."